ಶಾಲೆಯ ಹಿತ್ತಲಿನ ಆರು ಮಡಿ

ಚನ್ನಗಿರಿ
೧೯೪೩ ಜೂನ್ ೨೧, ಸೋಮವಾರ

ಇವತ್ತೂ ಲೆಕ್ಕದ ಪಾಠ ಅರ್ಧಕ್ಕೇ ನಿಂತಿತು. ಯುದ್ಧಕಾಲ, ಪ್ರತಿ ಶಾಲೆಯೂ ತರಕಾರಿ ಬೆಳೆಯಬೇಕು ಎಂಬ ಸರ್ಕ್ಯುಲರ್ ಹಿಡಿದು ಶಾಲಾ ಸಮಿತಿಯ ಪಂಚಾಕ್ಷರಪ್ಪನವರು ಬಂದರು. ಜೊತೆಗೆ ಬೀಜದ ಪೊಟ್ಟಣ. ಹೂಕೋಸು. ಈ ಮಣ್ಣಿಗೆ, ಈ ಬಿಸಿಲಿಗೆ ಹೂಕೋಸು.

ಶಾಲೆ ಗುಡಿಸುವ ದುರುಗಮ್ಮ ಪೊಟ್ಟಣದ ಮೇಲಿನ ಚಿತ್ರ ನೋಡಿ, "ಇದು ತಿನ್ನಾದಾ, ಮುಡಿಯಾದಾ, ಅಮ್ಮಾರೆ?" ಎಂದಳು.

ನಾನೂ ತಿಂದವಳಲ್ಲ.

ಜುಲೈ ೮, ಗುರುವಾರ

ಹೂಕೋಸು ಮೊಳಕೆಯೊಡೆದು ಮೂರೇ ದಿನಕ್ಕೆ ಮಲಗಿತು. ಸಾಕು. ದುರುಗಮ್ಮ ಮನೆಯಿಂದ ಹರಿವೆ, ಚವಳಿಕಾಯಿ ಬೀಜ ತಂದಳು. ಹಿತ್ತಲಲ್ಲಿ ಆರು ಮಡಿ ಮಾಡಿದೆವು.

ಬಾವಿ ನೀರು ಕುಡಿಯಲಿಕ್ಕೆ ಮಾತ್ರವಂತೆ. ಹುಡುಗಿಯರು ಮನೆಯಲ್ಲಿ ಪಾತ್ರೆ ತೊಳೆದ ನೀರು ತರುತ್ತಾರೆ, ಒಬ್ಬೊಬ್ಬರು ಒಂದು ತಂಬಿಗೆ. ಅದಕ್ಕೂ ತಕರಾರು. ಒಬ್ಬ ತಾಯಿ ಬಾಗಿಲಲ್ಲೇ ನಿಂತು, "ಓದಾಕೆ ಕಳ್ಸೀವ್ರಿ, ನೀರು ಹೊರಾಕಲ್ಲ" ಎಂದಳು. ಆಕೆಯ ಮಾತು ಸರಿ. ಸರ್ಕ್ಯುಲರ್ ಎರಡು ಪುಟ ಇದೆ, ನೀರಿನ ಬಗ್ಗೆ ಒಂದು ಸಾಲಿಲ್ಲ.

ಆಗಸ್ಟ್ ೨೪, ಮಂಗಳವಾರ

ಮೂರನೇ ಕ್ಲಾಸಿನ ಭೀಮಕ್ಕ ಪದ್ಯ ಒಪ್ಪಿಸುತ್ತಾ ಕುಸಿದಳು. ಮುಖಕ್ಕೆ ನೀರು ತಟ್ಟಿ ಎಬ್ಬಿಸಿದೆ. ಬೆಳಿಗ್ಗೆ ಏನು ಉಂಡೆ ಎಂದರೆ, "ನಿನ್ನೆ ಉಂಡೀನ್ರಿ."

ರೇಷನ್ ಡಿಪೋಗೆ ರಾಗಿ ಬಾರದೆ ವಾರವಾಯಿತು. ಹಿತ್ತಲಲ್ಲಿ ಹರಿವೆ ಮೊಣಕಾಲುದ್ದ ನಿಂತಿದೆ. ಕುಡುಗೋಲು ಹಿಡಿದು ಹೋದೆ. ಸರಿಯಾಗಿ ಆಗಲೇ ಪಂಚಾಕ್ಷರಪ್ಪನವರು.

"ಒಂದು ಎಲೆನೂ ಕೀಳಬ್ಯಾಡ್ರಿ ಅಮ್ಮಾರೆ. ಶುಕ್ರವಾರ ಇನ್‌ಸ್ಪೆಕ್ಟರ್ ಸಾಹೇಬ್ರು ನೋಡಾಕೆ ಬರ್ತಾರೆ. ಶಿವಮೊಗ್ಗದಾಗೆ ನಮ್ಮೂರಿನ ಹೆಸರು ಬರಬೇಕು."

ಮೂರೇ ದಿನ ಅಲ್ಲವೇ... ಕುಡುಗೋಲು ಕೆಳಗಿಟ್ಟೆ.

ಸೆಪ್ಟೆಂಬರ್ ೬, ಸೋಮವಾರ

ಸಾಹೇಬರು ಆ ಶುಕ್ರವಾರ ಬರಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಮೋಟಾರಿಗೆ ಪೆಟ್ರೋಲ್ ಇಲ್ಲವಂತೆ. ಹರಿವೆ ತೆನೆ ಬಿಟ್ಟಿದೆ, ಚವಳಿಕಾಯಿ ನಾರಾಗುತ್ತಿದೆ. ಪಂಚಾಕ್ಷರಪ್ಪನವರು ಮಡಿಗಳ ಸುತ್ತ ಸುಣ್ಣ ಬಳಿದ ಕಲ್ಲು ಜೋಡಿಸಿದ್ದಾರೆ—ಚಂದ ಕಾಣಲಿ ಎಂದು.

ಭೀಮಕ್ಕ ಶಾಲೆಗೆ ಬಾರದೆ ಆರು ದಿನ. ಕುಡುಗೋಲು ಕೆಳಗಿಟ್ಟವಳು ನಾನೇ. ಯಾರನ್ನು ಬೈಯಲಿ?

ಸೆಪ್ಟೆಂಬರ್ ೧೩, ಸೋಮವಾರ

ಕೊಯ್ದೆ. ಇವತ್ತು ಎರಡು ಮಡಿ. ಉಳಿದದ್ದು ದಿನಕ್ಕಿಷ್ಟು. ಹುಡುಗಿಯರು ಸೊಪ್ಪು ಸೋಸಿದರು, ನಾರು ತೆಗೆದರು. ಮನೆಯಿಂದ ಜೋಳದ ನುಚ್ಚು ತಂದು ನಾನೇ ಬೇಯಿಸಿದೆ. ದುರುಗಮ್ಮ ಹೋಗಿ ಭೀಮಕ್ಕನನ್ನು ಕೈಹಿಡಿದು ಕರೆತಂದಳು. ಉಂಡಳು. ಇನ್ನಷ್ಟು ಬೇಕೆಂದು ಕೇಳಲಿಲ್ಲ. ಬಡಿಸಿದೆ.

ಮಧ್ಯಾಹ್ನ ಪಂಚಾಕ್ಷರಪ್ಪನವರು. "ಏನ್ ಮಾಡಿದ್ರಿ ಇದು? ಸಾಹೇಬ್ರಿಗೆ ಏನ್ ತೋರ್ಸಾದು?"

"ಮಕ್ಕಳು ಅದಾವಲ್ರೀ, ತೋರ್ಸ್ರಿ" ಅಂದೆ.

ರಿಪೋರ್ಟ್ ಮಾಡುತ್ತಾರಂತೆ. ಮಾಡಲಿ.

ಸೆಪ್ಟೆಂಬರ್ ೧೬, ಗುರುವಾರ

ಸಾಹೇಬರು ಬಂದರು. ಹೇಳದೆ ಕೇಳದೆ, ಬಸ್ಸಿಳಿದು ನಡೆದೇ. ಬೋಳು ಮಡಿಗಳ ಮುಂದೆ ನಿಂತರು. ಸುದ್ದಿ ತಿಳಿದು ಓಡಿಬಂದ ಪಂಚಾಕ್ಷರಪ್ಪನವರು ಕೈಮುಗಿದು, "ತಪ್ಪಾಗೈತೆ ಸ್ವಾಮಿ, ಈ ಅಮ್ಮಾರು..." ಎಂದು ಶುರುಮಾಡಿದರು. ಸಾಹೇಬರು ನನ್ನತ್ತ ತಿರುಗಿದರು.

"ಎಷ್ಟು ಮಕ್ಕಳು?"

"ಮೂವತ್ತೊಂದು."

"ಎಷ್ಟು ದಿನ ಉಂಡರು?"

"ಇವತ್ತಿಗೆ ನಾಲ್ಕು."

ಬೈಯಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡರು. ಪೆನ್ಸಿಲ್ ಎತ್ತಿ, "ನಾಳೆಗೆ?" ಎಂದರು.

ಜಗಳಕ್ಕೆ ಸಿದ್ಧವಾಗಿ ನಿಂತಿದ್ದೆ. ಮೂರು ತಿಂಗಳು ಎಲ್ಲರ ಮೇಲೂ ಸಿಡುಕಿದೆ. ಒಂದು ಮಡಿ ಮುಗಿಯುವ ಮುಂಚೆ ಇನ್ನೊಂದನ್ನು ಬಿತ್ತಬೇಕೆಂದು ನನಗೇ ಹೊಳೆದಿರಲಿಲ್ಲ.

ಸಂಜೆ ದುರುಗಮ್ಮನೂ ನಾನೂ ಮಣ್ಣು ತಿರುವಿ ಮೆಂತ್ಯ ಚೆಲ್ಲಿದೆವು. ಕೈಗೆ ಬರಲು ಇಪ್ಪತ್ತು ದಿನ. ಹರಿವೆಗೆ ತಿಂಗಳು. ಅಲ್ಲಿಯವರೆಗೆ ಭೀಮಕ್ಕನಿಗೆ ನಮ್ಮ ಮನೆಯಿಂದ ಒಂದು ತುತ್ತು ಆಗುತ್ತದೆ. ಉಳಿದ ಮೂವತ್ತು ಮಕ್ಕಳಿಗೆ—