ಇಪ್ಪತ್ತೆರಡು ಇಂಚು ಜಾಗ

ಜೂನ್ 2, ಭಾನುವಾರ

ಆರಾಧನೆಗೆ ಮುಂಚೆ ಎಂದಿನಂತೆ ಚರ್ಚಿನ ಬೆಂಚುಗಳ ಸ್ಕ್ರೂ ಬಿಗಿ ಮಾಡಿದೆ. ಹನ್ನೆರಡು ಬೆಂಚು. ಹನ್ನೊಂದು ಅಪ್ಪ ಮಾಡಿದ್ದು, ಕೊನೆಯದನ್ನು ಮುಗಿಸಿದ್ದು ನಾನು. ಮೂರನೆಯದು ಕಿರುಗುಟ್ಟುತ್ತಿದೆ, ನೋಡಬೇಕು.

ಆಮೇಲೆ ಸಭೆ. ಬೀಗಿತ್ತಿ — ಮಗಳ ಅತ್ತೆ — ಎದ್ದು, "ಬೆಂಚು ಕಡಿಮೆ ಮಾಡ್ಬೇಕು. ನಡುವೆ ಓಡಾಡೋಕೆ ಜಾಗ ಇಲ್ಲ" ಅಂದರು. ದಂಗಾದೆ. ಓಡಾಡಲು ಇದೇನು ಬಸ್ ಸ್ಟ್ಯಾಂಡಾ? "ಮೊಳೆ ಹೊಡೆಯೋಕೆ ಬರದವರು ಬೆಂಚಿನ ಸುದ್ದಿಗೆ ಬರ್ಬೇಡಿ! ಮಗಳನ್ನ ಕೊಟ್ಟಾಯ್ತು, ಇನ್ನು ಅಪ್ಪನ ಕೆಲಸಾನೂ ನಿಮಗೇ ಕೊಡ್ಬೇಕಾ?" ಅಂದುಬಿಟ್ಟೆ. ಬೀಗಿತ್ತಿ ಒಂದು ಮಾತೂ ಆಡದೆ ಕೂತರು.

ಮಗಳು ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. ಉಳುಕಿದ ಕಾಲು ಇನ್ನೂ ಸರಿಹೋಗಿಲ್ಲವಂತೆ. ನನ್ನ ಮುಖ ನೋಡಲಿಲ್ಲ.

ಜೂನ್ 3, ಬೆಳಿಗ್ಗೆ 7

ಹೆಂಡತಿ ಕಾಫಿ ಲೋಟ ಕುಕ್ಕಿದಳು. "ಆ ಬಾಯಿಗೂ ಒಂದು ಸ್ಕ್ರೂ ಹಾಕ್ಕೊಳ್ಳಿ." ಕ್ಷಮೆ ಕೇಳಬೇಕಂತೆ. ನಾನಾ? ಬೆಂಚಿಗೆ ಕೈ ಹಾಕಿದ್ದು ಅವರು!

ಜೂನ್ 12

ಮಗಳ ಫೋನಿಲ್ಲ. ಹತ್ತು ದಿನ. ನಾನು ಮಾಡಿದರೆ ಅಳಿಯ ಎತ್ತಿ, "ಮಲಗಿದ್ದಾಳೆ ಮಾವ" ಅನ್ನುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಎಂಥ ನಿದ್ದೆ? ಅತ್ತೆ ಕಿವಿ ಊದಿದ್ದಾರೆ, ಇನ್ನೇನು.

ಜೂನ್ 16, ಭಾನುವಾರ, ಮಧ್ಯಾಹ್ನ

ಬೆಂಚಿನ ವಿಷಯಕ್ಕೆ ಇವತ್ತು ಮತ್ತೆ ಸಭೆ.

ಪಾಸ್ಟರ್ ಹೊಸ ನಿಯಮ ತಂದರು. ಮೊದಲು ಎದುರಿನವರ ವಾದವನ್ನು ನಾವು ಹೇಳಬೇಕು. ಅವರು "ಹೌದು, ಇದೇ" ಅಂದ ಮೇಲೆಯೇ ನಮ್ಮದು. "ಒಬ್ಬರ ಮಾತನ್ನ ತಿರುಚಿದ್ರೆ ಅದೂ ಸುಳ್ಳು ಸಾಕ್ಷಿನೇ. ಕೇಳೋಕೆ ದೇವರು ಇಲ್ಲೇ ಕೂತಿದ್ದಾನೆ" ಅಂದರು.

ಮೊದಲು ಬೀಗಿತ್ತಿ. ತಮಾಷೆ ನೋಡಲು ಕೈ ಕಟ್ಟಿ ಕೂತೆ. "ಹನ್ನೆರಡನೇ ಬೆಂಚು ಅರ್ಧ ಆದಾಗ ಬೀಗರ ತಂದೆ ತೀರ್ಕೊಂಡ್ರು. ಹತ್ತೊಂಬತ್ತನೇ ವಯಸ್ಸಿಗೆ ಇವರು ಅಳ್ತಾ ಅಳ್ತಾ ಅದನ್ನ ಮುಗಿಸಿದ್ರು. ಬೆಂಚು ತೆಗೀರಿ ಅಂದ್ರೆ, ಅಪ್ಪನ್ನ ಇನ್ನೊಂದ್ಸಲ ಮಣ್ಣು ಮಾಡಿ ಅಂದಂಗೆ."

ಅಯ್ಯೋ ದೇವರೇ. ಅಳುತ್ತಿದ್ದುದನ್ನು ಮಗಳಿಗೊಬ್ಬಳಿಗೇ ಹೇಳಿದ್ದೆ. "ಹೌದು, ಇದೇ" ಅಂದೆ.

ನನ್ನ ಸರದಿ. ಎದ್ದೆ. ಅವರಿಗೆ ಜಾಗ ಯಾಕೆ ಬೇಕು ಅಂತ ನನಗೆ ಗೊತ್ತೇ ಇಲ್ಲ! ಕೇಳಿಯೇ ಇರಲಿಲ್ಲ. "ಯಾಕೆ?" ಅಂದೆ.

"ನಾನು ಹೇಳೋ ಹಾಗಿಲ್ಲ ಬೀಗರೇ, ಮಾತು ಕೊಟ್ಟಿದ್ದೀನಿ. ಒಂದ್ಸಲ ಟೇಪ್ ಹಿಡಿದು ನೋಡಿ."

ಪಾಸ್ಟರ್ ಮುಂದಿನ ಭಾನುವಾರಕ್ಕೆ ಹಾಕಿದರು. ಮಗಳು ಇವತ್ತು ಬಂದಿರಲಿಲ್ಲ.

ಸಂಜೆ 5

ಅಳೆದೆ. ಎರಡು ಸಾಲು ಬೆಂಚುಗಳ ನಡುವೆ ಇಪ್ಪತ್ತೆರಡು ಇಂಚು. ಇಷ್ಟು ದಪ್ಪ ಇರುವ ನಾನೇ ಸಲೀಸಾಗಿ ಹೋಗುತ್ತೇನೆ. ಯಾರಿಗೆ ಸಾಲದು?

ಜೂನ್ 18

ತಡೆಯಲಾಗದೆ ಮಗಳ ಮನೆಗೆ ಹೋದೆ. ಬೀಗಿತ್ತಿ ಬಾಗಿಲು ತೆಗೆದರು. ಅವರ ಹಿಂದೆ ಮಗಳು. ಕುರ್ಚಿಯಲ್ಲಿ. ಕುರ್ಚಿಗೆ ಚಕ್ರ.

"ಉಳುಕಿದ್ದಲ್ಲಪ್ಪಾ" ಅಂದಳು. ನರದ ಕಾಯಿಲೆ. ಡಾಕ್ಟರ್ ಏಪ್ರಿಲ್‌ನಲ್ಲೇ ಹೇಳಿದ್ದರಂತೆ. "ನೀನು ಕುಸಿದು ಹೋಗ್ತೀಯ ಅಂತ... ನಾನೇ ಹೇಳ್ತೀನಿ, ಅಲ್ಲಿವರೆಗೆ ಸುಮ್ನಿರಿ ಅಂತ ಅತ್ತೆ ಹತ್ರ ಮಾತು ತಗೊಂಡಿದ್ದೆ."

ಇಡೀ ಸಭೆಯ ಮುಂದೆ ಬೈದೆನಲ್ಲ ನಾನು! ಒಂದೇ ಮಾತು ಸಾಕಿತ್ತು ನನ್ನ ಬಾಯಿ ಮುಚ್ಚಿಸಲು. ಆ ಹೆಂಗಸು ಆಡಲಿಲ್ಲ. ಬೈಸಿಕೊಂಡು ಕೂತರು. ನಾವಿಬ್ಬರೂ ಮಂಡಿಯೂರುವುದು ಅದೇ ಶಿಲುಬೆಯ ಮುಂದೆ...

ಕ್ಷಮಿಸಿ ಅನ್ನಲು ಹೋದೆ. ಬೀಗಿತ್ತಿ ಬಿಡಲಿಲ್ಲ. "ಕೂತ್ಕೊಳ್ಳಿ ಬೀಗರೇ, ನೀರು ತರ್ತೀನಿ" ಅಂದರು.

ನೀರು ಕುಡಿದು, ಟೇಪ್ ತೆಗೆದು ಕುರ್ಚಿ ಅಳೆದೆ. ಇಪ್ಪತ್ತಾರು.

ಜೂನ್ 23, ಭಾನುವಾರ, ಬೆಳಿಗ್ಗೆ 6

ಹೆಂಡತಿ ಐದು ದಿನದಿಂದ ಅತ್ತು ಅತ್ತು ಸೋತಿದ್ದಾಳೆ. ಮಗಳು ಇವತ್ತು ಬರುತ್ತಾಳೆ. "ಎಲ್ಲರಿಗೂ ನೀನೇ ಹೇಳಪ್ಪ" ಅಂದಿದ್ದಾಳೆ.

ಬೆಂಚು ತೆಗೆಯುವುದು ಬೇಡ ಅಂತ ಈಗಲೂ ನನ್ನ ವಾದ. ಪ್ರತಿಯೊಂದರ ತುದಿ ಏಳು ಇಂಚು ಕೊಯ್ದರೆ ಸಾಕು. ಬೀಗಿತ್ತಿ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ — ಕುರ್ಚಿ ತಿರುಗಲು ಮುಂದಿನ ಎರಡು ಹೋಗಲೇಬೇಕಂತೆ. ಇರಲಿ, ಆ ಜಗಳ ಆಮೇಲೆ. ಮೊದಲು ಅವರ ಮಾತನ್ನು ನಾನು ಹೇಳಬೇಕು. ಅವರು "ಹೌದು, ಇದೇ" ಅನ್ನಬೇಕು.

ಬಚ್ಚಲಲ್ಲಿ ಮೂರು ಸಲ ಪ್ರಾಕ್ಟೀಸ್ ಮಾಡಿದೆ. ಮೂರು ಸಲವೂ ಮಾತು ಒಂದೇ ಕಡೆ ನಿಂತಿತು. ಬರೆದುಕೊಂಡರೆ ಬರಬಹುದು.

ನಮ್ಮ ಬೀಗಿತ್ತಿ ಜಾಗ ಕೇಳಿದ್ದು ಯಾಕೆಂದರೆ, ನನ್ನ ಮಗಳು ಇನ್ನು ಮೇಲೆ...