ಅಪ್ಪನ ಡಿಸ್ಕು, ನಿನ್ನ ಪೆಂಗ್ವಿನ್

ಲಾ ತೆಹಾ, ಮಾಂಟೆವಿಡಿಯೊ
ಮಂಗಳವಾರ, 13 ಸೆಪ್ಟೆಂಬರ್ 2011

ವಿಲ್ಮಾರ್,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಬರೀ ಹೆಸರು. ಐದು ತಿಂಗಳಾದ ಮೇಲೆ ಕಾಗದ ಬರೆಯುತ್ತಿರುವುದು ನಿನ್ನ ಯೋಗಕ್ಷೇಮ ಕೇಳುವುದಕ್ಕಲ್ಲ. ಸಾಲ್ತೊದಲ್ಲಿ ನಿನಗೆ ಊಟ ಸರಿಹೋಗುತ್ತಿದೆಯೋ, ಶಾಲೆಯ ಕಂಪ್ಯೂಟರ್ ಕೆಲಸ ಹಿಡಿಸಿದೆಯೋ, ಯಾವುದೂ ನನಗೆ ಬೇಕಿಲ್ಲ. ನನಗೆ ಬೇಕಾಗಿರುವುದು ನಮ್ಮ ಮನೆಯ ಕಂಪ್ಯೂಟರಿನ ಪಾಸ್‌ವರ್ಡ್. ನನ್ನದಲ್ಲ, ನಿನ್ನದು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕಿವಿಗೆ ಬಿದ್ದರೆ ಬೈಯಲು ಶುರುಮಾಡುತ್ತೇನೆ, ಕೇಳಬೇಕಾದದ್ದು ಮರೆತುಹೋಗುತ್ತದೆ. ನಾಳೆ ಬೆಳಗಿನ ಬಸ್ಸಿನ ಪಾರ್ಸೆಲ್‌ಗೆ ಇದನ್ನು ಕೊಡುತ್ತೇನೆ, ಸಂಜೆಯೊಳಗೆ ನಿನ್ನ ಕೈ ಸೇರುತ್ತದೆ. ಓದಿದ ಕೂಡಲೇ ಪಕ್ಕದ ಮನೆ ನೆಲ್ಬಾಗೆ ಫೋನ್ ಮಾಡಿ ಹೇಳು.

ಗುರುವಾರ ಸಂಜೆಯೊಳಗೆ ನನಗದು ಬೇಕು. ಯಾಕೆಂದು ಹೇಳುತ್ತೇನೆ.

ಅಪ್ಪನ ಮುರ್ಗಾ, ಅವರ ಆ ಹಾಡಿನ ತಂಡ, ಹನ್ನೆರಡು ವರ್ಷದ ಮೇಲೆ ಮತ್ತೆ ಕಾರ್ನಿವಲ್‌ಗೆ ಇಳಿಯುತ್ತಿದೆ. ಹದಿನಾಲ್ಕು ಜನ ಹೊಸ ಹಾಡುಗಾರರು, ಎಲ್ಲ ಈ ಬೀದಿಗಳವರೇ. ಅವರಿಗೆ ಅಪ್ಪ ಕಟ್ಟಿದ ಆ ಹಳೆಯ ವಿದಾಯದ ಹಾಡೇ ಬೇಕಂತೆ. ಅದನ್ನು ಅಪ್ಪ ಎಂದೂ ಬರೆದಿಟ್ಟವರಲ್ಲ. ಸ್ವರ ಬರೆಯಲು ಅವರಿಗೆ ಬರುವುದೂ ಇಲ್ಲ. ಬಾಯಿಂದ ಬಾಯಿಗೆ ಕಲಿಸಿದ್ದು. ಆಗ ಹಾಡಿದವರಲ್ಲಿ ಹೆಚ್ಚಿನವರು ತೀರಿಕೊಂಡರು, ಉಳಿದವರಿಗೆ ಮೊದಲೆರಡು ಸಾಲು ಬಿಟ್ಟರೆ ನೆನಪಿಲ್ಲ. ಹಾಡು ಪೂರ್ತಿ ಇರುವುದು ಅಪ್ಪನ ತಲೆಯಲ್ಲಿ. ತಲೆಯಿಂದ ಹೊರಗೆ ಬರುವ ದಾರಿಯನ್ನು ಡಾಕ್ಟರು ಏಪ್ರಿಲ್‌ನಲ್ಲಿ ಕತ್ತರಿಸಿ ತೆಗೆದಿದ್ದಾರೆ.

ದನಿಪೆಟ್ಟಿಗೆ ತೆಗೆದ ಮೇಲೆ ಅವರ ಕುತ್ತಿಗೆಯಲ್ಲಿ ಉಳಿದ ತೂತಿಗೆ ನಾನು ದಿನಾ ಬಟ್ಟೆ ಬದಲಾಯಿಸುತ್ತೇನೆ. ಮಾತೆಲ್ಲ ಸ್ಲೇಟಿನ ಮೇಲೆ. ಹೋದ ವಾರ ತಂಡದವರು ಮನೆಗೆ ಬಂದು, “ದೋನ್ ಒರೋಸ್ಮಾನ್, ನೀವು ಸುಮ್ನೆ ಕೂತ್ಕೊಳ್ಳಿ, ನಾವು ಹಾಡ್ತೀವಿ, ತಪ್ಪಾದ್ರೆ ಮೇಜು ಕುಟ್ಟಿ” ಅಂದರು. ಅಪ್ಪ ಮೇಜು ಕುಟ್ಟಿ ಕುಟ್ಟಿ ಸುಸ್ತಾದರು. ತಪ್ಪು ಎಂದು ಹೇಳಬಹುದು, ಸರಿ ಯಾವುದು ಎಂದು ಹೇಳುವುದು ಹೇಗೆ? ಅವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ವಿಲ್ಮಾರ್, ಆಪರೇಷನ್ ಆದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ದನಿ ಇಲ್ಲದ ಅಳು ನೋಡಲಾಗುವುದಿಲ್ಲ.

ಮಾರನೆಯ ದಿನ ತಮ್ಮ ಟ್ರಂಕಿನಿಂದ ಒಂದು ಡಿಸ್ಕು ತಂದು ನನ್ನ ಮುಂದಿಟ್ಟರು. ಹೆಸರಿಲ್ಲ, ತಾರೀಖಿಲ್ಲ, ಬೆಳ್ಳಗಿನ ಡಿಸ್ಕು. ‘ಹಾಡು ಇದರಲ್ಲಿದೆ. ಗುರುವಾರ ಅವರಿಗೆ ಕೇಳಿಸು’ ಎಂದು ಬರೆದರು. ಎಲ್ಲಿಯದು, ಯಾರು ಮಾಡಿಕೊಟ್ಟಿದ್ದು ಅಂದರೆ ಡಿಸ್ಕನ್ನು ಇನ್ನಷ್ಟು ನನ್ನ ಕಡೆಗೆ ತಳ್ಳಿದರು. ಹಳೆಯ ಕಾರ್ನಿವಲ್ ಸಮಯದಲ್ಲಿ ಯಾರೋ ಹಿಡಿದಿಟ್ಟದ್ದು ಇರಬೇಕು ಅಂದುಕೊಂಡೆ.

ನೆಲ್ಬಾ ಮನೆಯ ಪ್ಲೇಯರ್ ಅದನ್ನು ನುಂಗಿ, ಗರಗರ ಅಂದು, ‘ಡಿಸ್ಕ್ ಇಲ್ಲ’ ಎಂದು ಉಗುಳಿತು. ನಮ್ಮ ಟೇಪ್‌ರೆಕಾರ್ಡರಿನ ಡಿಸ್ಕಿನ ಬಾಗಿಲು ಮುರಿದಿರುವುದು ನಿನಗೇ ಗೊತ್ತು, ಸರಿಮಾಡುತ್ತೇನೆ ಎಂದು ಎರಡು ವರ್ಷ ಹೇಳಿದವನು ನೀನೇ. ಅಲ್ಲದೆ ಕ್ಲಬ್ಬಿನ ಸ್ಪೀಕರಿಗೆ ಪೆನ್‌ಡ್ರೈವ್ ಒಂದೇ ಹಿಡಿಸುವುದು. ಅಂದರೆ ಕಂಪ್ಯೂಟರೇ ಗತಿ. ಅಂದರೆ ನಿನ್ನ ಪೆಂಗ್ವಿನ್.

ನೆನಪಿದೆಯೇ, ನನ್ನನ್ನು ಒಂದು ಮಾತೂ ಕೇಳದೆ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ, ಪೆಂಗ್ವಿನ್ ಗುರುತಿನ ಈ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ಮನ್ನು ತುಂಬಿದ್ದು? “ಇದು ಸ್ವತಂತ್ರ ಕಣೇ ಎಲಿಡಾ, ಇದಕ್ಕೆ ಯಜಮಾನರೇ ಇಲ್ಲ, ಇದು ಎಲ್ಲಾರ್ದೂ” ಅಂತ ಊರಿಗೆಲ್ಲ ಭಾಷಣ ಮಾಡಿದ್ದು? ಬೀದಿಯ ಪ್ರತಿಯೊಬ್ಬರ ಕಂಪ್ಯೂಟರನ್ನೂ ಬಿಚ್ಚಿ ಕೂತೆಯಲ್ಲ ಮಹರಾಯ! ಈಗ ಕೇಳು, ಯಜಮಾನರೇ ಇಲ್ಲದ ನಿನ್ನ ಪೆಂಗ್ವಿನ್ ನನಗೆ ಏನು ಮಾಡಿತು ಎಂದು.

ಶನಿವಾರ ಡಿಸ್ಕು ಹಾಕಿದೆ. ಪರದೆಯ ಮೇಲೆ ಚಿತ್ರ ಬಂತು. ಒತ್ತಿದೆ. ‘ಡಿಸ್ಕನ್ನು ತೆರೆಯಲಾಗುತ್ತಿಲ್ಲ’ ಎಂದಿತು. ತೆಗೆದು ಒರೆಸಿ ಹಾಕಿದೆ. ಮತ್ತೆ ಅದೇ ಮಾತು. ಮೇಜಿನ ಡ್ರಾಯರಿನಲ್ಲಿ ನಿನ್ನ ನೀಲಿ ನೋಟ್‌ಬುಕ್ಕು ಸಿಕ್ಕಿತು. ಇಟ್ಟುಹೋಗಿದ್ದು ಒಳ್ಳೆಯದಾಯಿತು. ನಿನ್ನ ಕೋಳಿಗೀಚು ಅಕ್ಷರ ಓದಿ ಓದಿ, ಡಿಸ್ಕು ತೆರೆಯುವ ಆಜ್ಞೆಯನ್ನು ಒಂದೊಂದೇ ಅಕ್ಷರ ಟೈಪ್ ಮಾಡಿದೆ. ಭಾನುವಾರ ಬೇಕರಿ ಕೆಲಸ ಮುಗಿಸಿ ಬಂದು ಕೈಯ ಹಿಟ್ಟು ತೊಳೆಯದೆ ಮತ್ತೆ ಕೂತೆ. ಐದು ಗಂಟೆ ಹೊತ್ತು. ಪ್ರತಿ ಸಲವೂ ‘ಕಡತಗಳ ವ್ಯವಸ್ಥೆ ತಪ್ಪಾಗಿದೆ’. ಅಪ್ಪ ಹಿಂದೆ ಕುರ್ಚಿ ಹಾಕಿಕೊಂಡು ಮಾತೆ ಚಹಾ ಹೀರುತ್ತ ಕೂತಿದ್ದರು. ‘ಆ ಹಕ್ಕಿಯನ್ನು ಸಾರು ಮಾಡು’ ಎಂದು ಬರೆದು ತೋರಿಸಿದರು. ನಗಲಿಲ್ಲ ನಾನು.

ನಿನ್ನ ಪೆಂಗ್ವಿನ್ ಗೆಳೆಯರ ಇಂಟರ್‌ನೆಟ್ ವೇದಿಕೆಯಲ್ಲಿ ಕೇಳಿದೆ. ಮೊದಲು ಉತ್ತರ ಕೊಟ್ಟವನು, ಈ ಪ್ರಶ್ನೆಯನ್ನು ಹಿಂದೆಯೇ ಕೇಳಲಾಗಿದೆ, ಹುಡುಕಿ ನೋಡಿ ಎಂದ. ಎರಡನೆಯವನು ಯಾವ ಆವೃತ್ತಿ ಎಂದು ಕೇಳಿ ನಾಪತ್ತೆಯಾದ. ಮೂರನೆಯವರು ಯಾರೋ ಪುಣ್ಯಾತ್ಮರು. “ಅಮ್ಮಾ, ಹಾಡಿನ ಡಿಸ್ಕಲ್ಲಿ ಕಡತಗಳೇ ಇರಲ್ಲ. ಅದನ್ನ ಡಬ್ಬಿ ಥರ ತೆರೀಬಾರ್ದು. ನೇರವಾಗಿ ನುಡಿಸೋ ಪ್ರೋಗ್ರಾಮಿಗೇ ಕೊಡಿ” ಎಂದು ಬರೆದಿದ್ದರು. ಐದು ಗಂಟೆ ನಾನು ಬಾಗಿಲೇ ಇಲ್ಲದ ಗೋಡೆಗೆ ಬೀಗದ ಕೈ ಹಾಕುತ್ತಿದ್ದೆ! ನಿನ್ನ ನೋಟ್‌ಬುಕ್ಕಿನಲ್ಲಿ ಇದನ್ನು ಒಂದು ಸಾಲು ಬರೆದಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಸರಿ, ನುಡಿಸುವ ಪ್ರೋಗ್ರಾಮಿಗೆ ಕೊಟ್ಟೆ. ಈಗ ಬೇರೆ ರಾಗ: ‘ಅನುಮತಿ ಇಲ್ಲ’. ಪುಣ್ಯಾತ್ಮರನ್ನು ಮತ್ತೆ ಕೇಳಿದೆ. ಡಿಸ್ಕಿನ ಯಂತ್ರವನ್ನು ಮುಟ್ಟಬಹುದಾದವರ ಒಂದು ಪಟ್ಟಿ ಕಂಪ್ಯೂಟರಿನ ಒಳಗೆ ಇರುತ್ತದಂತೆ. ಪಟ್ಟಿ ನೋಡುವುದು ಹೇಗೆಂದು ಕಲಿಸಿದರು. ನೋಡಿದೆ. ಅದರಲ್ಲಿ ಇದ್ದದ್ದು ಒಂದೇ ಹೆಸರು. ವಿಲ್ಮಾರ್.

ನನ್ನ ಹೆಸರು ಸೇರಿಸಲು ಹೋದೆ. ಅದು ಏನಂದಿತು ಗೊತ್ತೇ? ‘ಎಲಿಡಾಗೆ ಈ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.’

ಯಾರಿಗೆ ವರದಿ ಮಾಡುತ್ತದಂತೆ? ಪೊಲೀಸರಿಗೋ? ನಿನಗೋ? ಮನೆ ನಮ್ಮಪ್ಪನದು, ಮೇಜು ನಮ್ಮಮ್ಮನದು, ಕರೆಂಟಿನ ಬಿಲ್ಲು ಕಟ್ಟುವವಳು ನಾನು, ಅಧಿಕಾರ ಮಾತ್ರ ಸಾಲ್ತೊದಲ್ಲಿ ಕೂತಿರುವ ನಿನ್ನದು! ಪರದೆಗೆ ಚಪ್ಪಲಿ ಎಸೆದೆ. ತಗುಲಲಿಲ್ಲ. ನಿನ್ನ ಪಾಸ್‌ವರ್ಡ್ ಊಹಿಸಿ ನೋಡಿದೆ. ನಿನ್ನ ಅಮ್ಮನ ಹೆಸರು, ನಿನ್ನ ಫುಟ್‌ಬಾಲ್ ತಂಡ, ಸತ್ತ ನಾಯಿಯ ಹೆಸರು, ನಾವು ಮದುವೆಯಾದ ತಾರೀಖು. ನನ್ನ ಹೆಸರನ್ನೂ ಹಾಕಿದೆ, ಸುಳ್ಳು ಯಾಕೆ ಹೇಳಲಿ. ಅದೂ ಅಲ್ಲ. ಅದು ಅಲ್ಲ ಎಂದಾಗ ಆದ ಸಂಕಟ ಬೇರೆ.

ಮೊಂಡುತಲೆ! ಮೊಂಡುತಲೆ! ಮೊಂಡುತಲೆ! ನಿನ್ನನ್ನು ಮತ್ತೆ ಹಾಗೆ ಕರೆಯುವುದಿಲ್ಲ ಎಂದುಕೊಂಡಿದ್ದೆ. ಈ ನಾಲ್ಕು ದಿನದಲ್ಲಿ ನೂರು ಸಲ ಕರೆದೆ.

ಅಪ್ಪನಿಗೆ ಈಗಲೂ ನಿನ್ನ ಮೇಲೆ ಮೋಹ. ಈಚೆಗೆ ದಿನಕ್ಕೊಮ್ಮೆಯಾದರೂ ಸ್ಲೇಟಿನ ಮೇಲೆ ನಿನ್ನ ಹೆಸರು ಬರೆಯುತ್ತಾರೆ. ಮುಂದೆ ಏನು ಬರೆಯುತ್ತಾರೋ ನನಗೆ ಬೇಡ, ಹೆಸರು ಕಂಡ ಕೂಡಲೇ ಕಿತ್ತುಕೊಂಡು ಒರೆಸಿಬಿಡುತ್ತೇನೆ. ನಾನು ಮರೆತಿಲ್ಲ. ಏಪ್ರಿಲ್ ಹನ್ನೊಂದರ ಬೆಳಿಗ್ಗೆ ಏಳಕ್ಕೆ ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಅವರ ಬಾಯಿಂದ ಬಂದ ಕೊನೆಯ ಮಾತು “ಎಲ್ಲಿ ಅವ್ನು, ಬಂದ್ನಾ?” ಎಂದು. ನಿನ್ನನ್ನು ಕೇಳಿದರು. ನೀನಿರಲಿಲ್ಲ. ಆಸ್ಪತ್ರೆಯ ಆ ಬೆಂಚಿನ ಮೇಲೆ ನಾನೊಬ್ಬಳೇ. ನೀನು ಬಂದದ್ದು ಹನ್ನೊಂದಕ್ಕೆ, ಹೆಗಲಿಗೆ ಚೀಲ ಹಾಕಿಕೊಂಡು. ಯಾಕೆ ತಡ ಅಂದರೆ, “ಕಂಪ್ಯೂಟರ್ ಕೈಕೊಡ್ತು ಕಣೇ” ಅಂದೆ. ಕಂಪ್ಯೂಟರ್! ನಮ್ಮಪ್ಪನ ಗಂಟಲು ಕೊಯ್ಯುವ ಹೊತ್ತಿಗೆ ನಿನಗೆ ಕಂಪ್ಯೂಟರ್! ಅವತ್ತು ನಾನು ಅಂದದ್ದನ್ನೆಲ್ಲ ಇವತ್ತೂ ಅನ್ನುತ್ತೇನೆ. ನೀನು ಒಂದು ಮಾತು ಎದುರಾಡದೆ ಪೆಟ್ಟಿಗೆ ಕಟ್ಟಿದೆ. ತಪ್ಪಿಲ್ಲದವನು ಹಾಗೆ ಸುಮ್ಮನೆ ಹೋಗುತ್ತಾನೆಯೇ?

ಇರಲಿ. ಪಾಸ್‌ವರ್ಡ್ ಹೇಳು. ಗುರುವಾರ ಏಳು ಗಂಟೆಗೆ ಹದಿನಾಲ್ಕು ಜನ ಕ್ಲಬ್ಬಿನಲ್ಲಿ ಕಾಯುತ್ತಾರೆ. ಡಿಸ್ಕು ನುಡಿಯದಿದ್ದರೆ ಅವರು ಬೇರೆ ಹಾಡು ಕಟ್ಟಿಕೊಳ್ಳುತ್ತಾರಂತೆ. ಅಪ್ಪನದು ಅಪ್ಪನ ಜೊತೆಗೇ ಮುಗಿಯುತ್ತದೆ. ನನಗಾಗಿ ಅಲ್ಲ, ಅವರಿಗಾಗಿ ಹೇಳು.

ಕಾನೂನಿನ ಪ್ರಕಾರ ಮಾತ್ರ ಇನ್ನೂ ನಿನ್ನ ಹೆಂಡತಿ,
ಎಲಿಡಾ

ಶುಕ್ರವಾರ, 16 ಸೆಪ್ಟೆಂಬರ್

ಮರೆತ ಮಾತು:

ಮೇಲಿನದನ್ನು ಹರಿದುಹಾಕಬೇಕು ಅಂದುಕೊಂಡೆ. ಅಪ್ಪ ಬಿಡಲಿಲ್ಲ. ‘ಇದ್ದ ಹಾಗೇ ಕಳಿಸು, ಅವನೂ ಓದಲಿ’ ಎಂದು ಬರೆದರು. ಅದಕ್ಕೇ ಇದನ್ನೂ ಸೇರಿಸುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ಕಾಗದಕ್ಕೆ ಅಂಟು ಹಚ್ಚಿ ಬಸ್‌ ನಿಲ್ದಾಣಕ್ಕೆ ಹೊರಟಿದ್ದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತರು. ಲಕೋಟೆಯ ಮೇಲೆ ನಿನ್ನ ಹೆಸರು ನೋಡಿ, ಸ್ಲೇಟು ತೆಗೆದುಕೊಂಡು ನಿಧಾನವಾಗಿ ಒಂದು ಪದ ಬರೆದರು. ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪದದ ಕೆಳಗೆ ಗೆರೆ ಎಳೆದರು.

ಮೊಂಡುತಲೆ.

ನಿನ್ನ ಪಾಸ್‌ವರ್ಡ್, ವಿಲ್ಮಾರ್! ನಾಲ್ಕು ದಿನ ಅದೇ ಮಾತಿನಿಂದ ಬೈದೆ, ಒಮ್ಮೆಯಾದರೂ ಟೈಪ್ ಮಾಡಿ ನೋಡಲಿಲ್ಲ. ನಿಮಗೆ ಹೇಗೆ ಗೊತ್ತು ಎಂದು ಅಪ್ಪನ ಮೇಲೆ ಹಾರಿದೆ. ‘ಅವನು ಒಂದೇ ಬೆರಳಲ್ಲಿ ಟೈಪ್ ಮಾಡ್ತಾನೆ. ಪಕ್ಕದಲ್ಲಿ ಕೂತವನಿಗೆ ಕಾಣಲ್ವಾ?’ ಎಂದು ಬರೆದರು. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ‘ನೀನು ಅವನಿಗೆ ಕಾಗದ ಬರೀಲಿ ಅಂತ’.

ನನ್ನ ಹೆಸರು ಪಟ್ಟಿಗೆ ಸೇರಿತು. ಆದರೂ ‘ಅನುಮತಿ ಇಲ್ಲ’. ಕೂದಲು ಕಿತ್ತುಕೊಂಡೆ. ನೋಟ್‌ಬುಕ್ಕಿನ ಕೊನೆಯ ಪುಟದ ಅಂಚಿನಲ್ಲಿ ನಿನ್ನದೇ ಒಂದು ಸಾಲಿತ್ತು: ‘ಸೇರಿಸಿದ ಮೇಲೆ ಪೂರ್ತಿ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ಎಲ್ಲರೂ ಇದನ್ನು ಮರೆಯುತ್ತಾರೆ.’ ಹಾಗೆ ಮಾಡಿದೆ. ಡಿಸ್ಕು ತಿರುಗಿತು.

ಮೊದಲು ಬಂದದ್ದು ಹಾಡಲ್ಲ. ಅಪ್ಪನ ಕೆಮ್ಮು. ಆಮೇಲೆ ಅಪ್ಪನ ದನಿ, ನಮ್ಮ ಅಡುಗೆಮನೆಯ ಗಡಿಯಾರದ ಸದ್ದಿನ ಜೊತೆ: “ಲೋ, ಎಲಿಡಾ ಬೇಕರಿಯಿಂದ ಬರೋದ್ರೊಳಗೆ ಮುಗಿಸ್ಬೇಕು. ದನಿ ಉಳಿಯುತ್ತೆ ಅಂತ ಡಾಕ್ಟ್ರು ಅವಳ್ಗೆ ಹೇಳಿದಾರೆ. ನನ್ಗೆ ನಿಜ ಹೇಳಿದಾರೆ. ಅವಳು ಈಗ್ಲಿಂದಾನೇ ಅಳೋದು ಬೇಡ. ಬಾಯಿ ಬಿಡಲ್ಲ ಅಂತ ಆಣೆ ಇಡು.” ನೀನು ಹೂಂ ಅಂದೆ. ಬರೀ ಹೂಂ.

ನಾನು ಅದನ್ನು ಮತ್ತೆ ಮೊದಲಿನಿಂದ ಹಾಕಿ ಕೇಳಿದೆ.

ಉಳಿದದ್ದನ್ನು ಅಪ್ಪ ಬರೆದರು. ಈ ಸಲ ನಾನು ಒರೆಸಲಿಲ್ಲ. ಮೂರು ಭಾನುವಾರ ಹಾಡು ಹಿಡಿದಿರಂತೆ. ಆಪರೇಷನ್‌ಗೆ ಮುಂಚೆ ಡಿಸ್ಕು ತನ್ನ ಕೈಯಲ್ಲಿರಬೇಕು ಎಂದು ಅಪ್ಪ ಹಟ ಹಿಡಿದಿದ್ದರಂತೆ. ಆ ಬೆಳಿಗ್ಗೆ ಎರಡು ಡಿಸ್ಕು ಕೆಟ್ಟವಂತೆ, ಮೂರನೆಯದು ಆಗುವ ಹೊತ್ತಿಗೆ ಹತ್ತೂವರೆ. ಕಂಪ್ಯೂಟರ್ ಕೈಕೊಡ್ತು ಅಂದೆಯಲ್ಲ, ನೀನು ಹೇಳಿದ್ದು ನಿಜವೇ ಆಗಿತ್ತು. ಹೇಳಿಬಿಡೋಣ ಎಂದು ಅಪ್ಪ ಆಮೇಲೆ ಎಷ್ಟು ಸಲ ಸ್ಲೇಟು ಹಿಡಿದರೋ. ನಿನ್ನ ಹೆಸರು ಬರೆಯುವಷ್ಟರಲ್ಲಿ ನಾನು ಒರೆಸುತ್ತಿದ್ದೆ. ಮಾತಿಲ್ಲದವರ ಬಾಯಿಯನ್ನು ಮತ್ತೆ ಮುಚ್ಚಿದವಳು ನಾನು. ನಾಚಿಕೆಯಾಗುತ್ತಿದೆ, ವಿಲ್ಮಾರ್. ನಿನ್ನ ಮೇಲೆ ಇನ್ನೂ ಸಿಟ್ಟಿದೆ, ಆಣೆ ಅಂದರೆ ಇಷ್ಟು ದಿನವೇ ಎಂದು. ಆದರೆ ನಾಚಿಕೆಯೇ ಹೆಚ್ಚು.

ನಿನ್ನೆ ಕ್ಲಬ್ಬಿನಲ್ಲಿ, ಪೆನ್‌ಡ್ರೈವಿಗೆ ಇಳಿಸಿಕೊಂಡ ಡಿಸ್ಕಿನ ಹಾಡು ಸ್ಪೀಕರಿನಿಂದ ಬಂದಾಗ ಹದಿನಾಲ್ಕು ಜನರೂ ಎದ್ದು ನಿಂತರು. ಅಪ್ಪ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಒಟ್ಟಿಗೆ ಹಾಡುವ ಮೂರು ದನಿಗಳನ್ನು ಒಂದೊಂದು ಭಾನುವಾರ ಒಂದೊಂದಾಗಿ ಹಿಡಿದು ಕೂಡಿಸಿದ್ದೀ: ಮೇಲಿನ ದನಿ ಅವರದೇ, ಕೆಳಗಿನ ದನಿಯೂ ಅವರದೇ. ಕೊನೆಯ ಭಾನುವಾರ ಗಂಟಲು ಪೂರ್ತಿ ಕಟ್ಟಿತ್ತಂತೆ, ಅದಕ್ಕೇ ನಡುವಿನ ದನಿ ನೀನು ಹಾಡಿದ್ದೀ. ಅಯ್ಯೋ ದೇವರೇ! ಎರಡನೆಯ ಚರಣ ಪೂರ್ತಿ ಅಪಸ್ವರ. ಅಪ್ಪ ಮೇಜು ಕುಟ್ಟುತ್ತಲೇ ಇದ್ದರು, ಆದರೆ ಸರಿಯಾದದ್ದು ಆ ಡಿಸ್ಕಿನಲ್ಲಿ ಇಲ್ಲ. ‘ಮಾರ್ಚ್‌ನಲ್ಲಿ ಅವನಿಗೆ ಹಾಡಿ ತೋರಿಸಿದ್ದೆ. ಅವನಿಗೆ ಗೊತ್ತು. ಹೆದರಿ ತಪ್ಪಿದ’ ಎಂದು ಬರೆದರು.

ನಾಲ್ಕು ಜನ ನಡುವಿನ ದನಿಯವರು ಈಗ ನಿನ್ನ ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತಿದ್ದಾರೆ. ಮುಂದಿನ ಅಭ್ಯಾಸ ಮಂಗಳವಾರ ಏಳಕ್ಕೆ. ಭಾನುವಾರದ ಬಸ್ಸು ಹಿಡಿ. ಅಪ್ಪ ನೀನು ಮಾತೆ ಚಹಾ ಕುಡಿಯುವ ಸೋರೆಬುರುಡೆಯನ್ನು ಆಗಲೇ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದಾರೆ. ನಾನು ಅದನ್ನು ತೆಗೆದಿಲ್ಲ.

ಎ.