ಏಣಿ ಹಿಡಿದವನ ನಿರುದ್ಯೋಗವನ್ನು ಹಿಂದಿರುಗಿಸಿ

ಮಾನ್ಯ ಅಂಕಿಅಂಶ ಇಲಾಖೆಯ ನಿರ್ದೇಶಕರೇ,

ನಮ್ಮ ನಗರದಲ್ಲಿ ನಿರುದ್ಯೋಗ ಇಳಿದಿದೆ ಎಂಬ ತಮ್ಮ ಪ್ರಕಟಣೆ ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕಾರಣ ಇಷ್ಟೇ: ಹಾಗೆ ಇಳಿದುಹೋದ ನಿರುದ್ಯೋಗಗಳಲ್ಲಿ ಒಂದು ನಮ್ಮದು. ದಯವಿಟ್ಟು ಅದನ್ನು ವಾಪಸ್ ಕೊಡಿ.

ನನ್ನ ಹೆಂಡತಿಯ ತಮ್ಮ ಗೋಡೆ ಗಡಿಯಾರದ ಕಾರ್ಖಾನೆಯಲ್ಲಿ ಮುಳ್ಳು ಜೋಡಿಸುತ್ತಿದ್ದ. ಜನ ಫೋನಿನಲ್ಲೇ ಹೊತ್ತು ನೋಡತೊಡಗಿದ ಮೇಲೆ ಕಾರ್ಖಾನೆಗೆ ಕೆಟ್ಟ ಗಳಿಗೆ ಬಂದು, ಅದು ಬಾಗಿಲು ಹಾಕಿತು. ಅಂದಿನಿಂದ ಅವನು ನಮ್ಮ ಹಜಾರದ ಸೋಫಾದ ಮೇಲೆ ಮಲಗಿ ಕೆಲಸ ಹುಡುಕುತ್ತಿದ್ದಾನೆ. ಕೆಲಸ ಕಳೆದುಕೊಂಡವರಿಗೆಂದೇ ಲಿಫ್ಟ್ ರಿಪೇರಿ ಕಲಿಸುವ ಉಚಿತ ತರಬೇತಿಯಲ್ಲಿ ಅವನಿಗೊಂದು ಸೀಟು ಸಿಕ್ಕಿತು ನೋಡಿ, ಆಸಾಮಿ ಮರುದಿನ ಯಾರೂ ಎಬ್ಬಿಸದೆ ಎದ್ದ! ನನ್ನ ಹೆಂಡತಿಯಂತೂ ಸೋಫಾಕ್ಕೆ ಹೊಸ ಬಟ್ಟೆ ಹೊಲಿಸುವ ಮಾತಾಡಿದಳು.

ಅಷ್ಟರಲ್ಲಿ ತಮ್ಮ ಸಮೀಕ್ಷಕರು ಬಂದರು. ಹೋದ ವಾರ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ ಎಂದು ಕೇಳಿದರು. ನಮ್ಮವನು ಸುಳ್ಳು ಹೇಳಲು ಬಾರದ ಪ್ರಾಣಿ.

"ಮೇಲಿನ ಮನೆ ಮೇಡಂ ಪರದೆ ಹಾಕೋವಾಗ ಏಣಿ ಹಿಡ್ಕೊಂಡಿದ್ದೆ ಸಾರ್."

"ಪ್ರತಿಫಲ ಏನಾದ್ರೂ?"

"ಟೀ ಕೊಟ್ರು. ಬಿಸ್ಕತ್ತು ಎರಡು. ಒಂದು ಮುರಿದಿತ್ತು."

ಮುಗಿಯಿತು. ಅವನು ಉದ್ಯೋಗಸ್ಥನಾದ. ಮುರಿದ ಬಿಸ್ಕತ್ತಿಗೆ ಅರ್ಧ ಉದ್ಯೋಗವನ್ನಾದರೂ ಕಳೆಯಬಹುದಿತ್ತು, ತಾವು ಅದನ್ನೂ ಮಾಡಲಿಲ್ಲ. ನನಗೊಂದು ಸಂಶಯ, ಸ್ವಾಮಿ. ಏಣಿ ಹಿಡಿಯುವುದು ಉದ್ಯೋಗವಾದರೆ, ಬೀದಿಯಲ್ಲಿ ಕೆಟ್ಟು ನಿಂತ ಕಾರನ್ನು ತಳ್ಳಿದವರೆಲ್ಲ ಸಾರಿಗೆ ನೌಕರರೇ? ಊಟಕ್ಕೆ ಕೂತಾಗಲೆಲ್ಲ ಭಾವಮೈದನಿಗೆ ನಾನು ಹೇಳುವ ಬುದ್ಧಿಮಾತು ಯಾವ ಕ್ಷೇತ್ರಕ್ಕೆ ಸೇರುತ್ತದೆ? ಶಿಕ್ಷಣಕ್ಕೋ, ಮನರಂಜನೆಗೋ?

ತಮ್ಮ ಇಲಾಖೆಯ ಪಟ್ಟಿ ನೋಡಿ ತರಬೇತಿ ಕೇಂದ್ರದವರು ಕೈಯಲ್ಲಾಡಿಸಿಬಿಟ್ಟರು: ಕೆಲಸದಲ್ಲಿರುವವರಿಗೆ ಸೀಟಿಲ್ಲ, ಬೇಕಾದರೆ ಮಾಲೀಕರಿಂದ ಬಿಡುಗಡೆ ಪತ್ರ ತನ್ನಿ. ಸರಿ, ಇಬ್ಬರೂ ಮಹಡಿ ಹತ್ತಿದೆವು. ಮೇಡಂ ನಿವೃತ್ತ ಮುಖ್ಯೋಪಾಧ್ಯಾಯಿನಿ. ವಿಷಯ ಕೇಳಿ ಕನ್ನಡಕ ಏರಿಸಿಕೊಂಡರು.

"ಹಾಗಾದ್ರೆ ನೀನು ನನ್ನ ನೌಕರ ಅನ್ನು."

"ಹೌದಂತೆ ಮೇಡಂ."

"ಮತ್ತೆ ನಿನ್ನೆ ಯಾಕೆ ಬರ್ಲಿಲ್ಲ?"

ಇನ್ನೂ ಎರಡು ಕಿಟಕಿಗಳ ಪರದೆ ಬಾಕಿ ಇದೆಯಂತೆ. ಕೆಲಸ ಅರ್ಧಕ್ಕೆ ಬಿಟ್ಟವರಿಗೆ ಅವರು ಶಾಲೆಯಲ್ಲೂ ಬಿಡುಗಡೆ ಪತ್ರ ಕೊಟ್ಟವರಲ್ಲವಂತೆ. ನಾನು ಕೈ ಮುಗಿದೆ.

"ಹೋಗ್ಲಿ, ವಜಾ ಮಾಡಿಬಿಡಿ ಮೇಡಂ, ಪುಣ್ಯ ಬರುತ್ತೆ."

"ವಜಾ ಮಾಡೋಕೆ ಅವನೇನ್ರೀ ತಪ್ಪು ಮಾಡಿದ್ದಾನೆ? ಏಣಿ ಒಂಚೂರೂ ಅಲುಗಾಡಿಲ್ಲ. ಬೇಕಾದ್ರೆ ಬಡ್ತಿ ಕೊಡ್ತೀನಿ."

ಬಡ್ತಿ ಎಂದರೆ, ಮುಂದಿನ ಸಲ ಏಣಿ ಹತ್ತುವುದು ಅವನು, ಹಿಡಿಯುವುದು ಮೇಡಂ.

ಮೆಟ್ಟಿಲಿಳಿಯುವಾಗ ಅವನು ಗೋಡೆ ನೋಡುತ್ತಾ ಹೇಳಿದ: "ಭಾವ, ಕಾರ್ಖಾನೇಲಿ ಅಷ್ಟು ವರ್ಷ ದುಡಿದೆ. ನಾಳೆಯಿಂದ ಬರಬೇಡ ಅನ್ನೋಕೆ ಅವ್ರಿಗೆ ಒಂದು ಮಾತು ಸಾಕಾಯ್ತು. ಟೀ ಕುಡಿದಿದ್ದಕ್ಕೆ ಸಿಕ್ಕಿದ ಕೆಲಸ ನೋಡಿ, ಬಿಡ್ತೀನಂದ್ರೂ ಬಿಡ್ತಿಲ್ಲ." ಸದಾ ಅವನ ಕಾಲೆಳೆಯುವ ನಾನು ಮನೆಗೆ ಬಂದವನೇ ಈ ಪತ್ರ ಬರೆಯಲು ಕೂತೆ.

ಸೋಮವಾರ ತರಬೇತಿ ಶುರು. ಸೀಟಿಗೆ ಕಾದು ಕೂತವರ ಸಾಲೂ ದೊಡ್ಡದಿದೆ. ತಮ್ಮ ಪ್ರಕಟಣೆಯ ಪ್ರಕಾರ ಅವರ್ಯಾರೂ ಈ ನಗರದಲ್ಲಿಲ್ಲ, ಆ ಮಾತು ಬಿಡಿ. ಉಳಿದ ಪರದೆಗಳನ್ನು ಹಾಕಿಕೊಟ್ಟು ಬಿಡುಗಡೆಯಾಗೋಣವೆಂದರೆ, ಈ ವಾರವೂ ಅವನು ಉದ್ಯೋಗಿಯೇ ಆಗುತ್ತಾನೆ. ಆದ್ದರಿಂದ ನನ್ನ ಬೇಡಿಕೆ ಸರಳ: ಸೋಮವಾರದೊಳಗೆ ಅವನು ನಿರುದ್ಯೋಗಿ ಎಂದು ಬರೆದುಕೊಡಿ. ಅದಾಗದಿದ್ದರೆ ತಾವೇ ಬಂದು ಆ ಎರಡು ಪರದೆಗಳನ್ನು ಹಾಕಿ, ಮೇಡಂ ಅವರಿಂದ ಪತ್ರ ಕೊಡಿಸಿ. ಏಣಿ ನಾವು ಕೊಡುತ್ತೇವೆ. ಹಿಡಿಯುವವರನ್ನು ಮಾತ್ರ ತಾವೇ ಕರೆತನ್ನಿ. ನಮ್ಮ ಹುಡುಗ ಇನ್ನೊಮ್ಮೆ ಅದನ್ನು ಮುಟ್ಟಿದರೆ, ನಗರದಲ್ಲಿ ಕೆಲಸಕ್ಕೆ ಜನರೇ ಸಿಗುತ್ತಿಲ್ಲವೆಂದು ತಾವು ಇನ್ನೊಂದು ಪ್ರಕಟಣೆ ಹೊರಡಿಸುತ್ತೀರಿ.

ಇಂತಿ,
ತಮ್ಮ ಉದ್ಯೋಗಸ್ಥನಿಗೆ ಮೂರು ಹೊತ್ತು ಊಟ ಹಾಕುತ್ತಿರುವ
ಅವನ ಭಾವ